ನೆಲವನ್ನು ಬರೆದು ಕಲಿಯುವುದು

ಭೂಗೋಳದ ತರಗತಿಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಮಕ್ಕಳಿಗೆ ಕಣ್ಣು ಮುಚ್ಚಿಕೊಳ್ಳುವಂತೆ ಹೇಳಿ, “ಉತ್ತರ ಯಾವ ಕಡೆ? ಕೈ ತೋರಿಸಿ” ಎಂದು ಕೇಳಿ. ಒಂದಷ್ಟು ಕೈಗಳಾದರೂ ಸೂರಿನ ಕಡೆಗೆ ಏಳುತ್ತವೆ. ಗೋಡೆಯ ಮೇಲಿನ ಭೂಪಟದಲ್ಲಿ ಉತ್ತರ ಮೇಲಿದೆಯಷ್ಟೆ. ಆದುದರಿಂದ ಆ ಮಕ್ಕಳ ಪಾಲಿಗೆ ಉತ್ತರವೆಂದರೆ ಮೇಲೆ, ದಕ್ಷಿಣವೆಂದರೆ ಕೆಳಗೆ. ನೈಲ್ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ ಎಂದು ಹೇಳಿದರೆ ಅಂಥ ಮಗು, “ನೀರು ಮೇಲಕ್ಕೆ ಹೇಗೆ ಹರಿಯುತ್ತದೆ?” ಎಂದು ಕೇಳೀತು. ಕೇಳಿದರೆ ಅದು ಜಾಣ ಮಗುವೇ ಸರಿ. ತಪ್ಪು ಅದರದಲ್ಲ, ಭೂಪಟವನ್ನು ಮೊಳೆಗೆ ತೂಗುಹಾಕಿ ಸುಮ್ಮನಾದ ದೊಡ್ಡವರದು.

ಭೂಗೋಳದ ಪಾಠಕ್ಕೆ ಚಿತ್ರ ಬೇಕು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಬೆಟ್ಟವನ್ನೂ ಕಡಲನ್ನೂ ಮರುಭೂಮಿಯನ್ನೂ ಶಾಲೆಯೊಳಕ್ಕೆ ತರುವಂತಿಲ್ಲ. ಅವುಗಳ ಬದಲಿಗೆ ಭೂಪಟ, ಗೋಳ, ಛಾಯಾಚಿತ್ರ ಬರಬೇಕು. ಆದರೆ ಚಿತ್ರವನ್ನು ತೋರಿಸುವುದು ಬೇರೆ, ಓದಿಸುವುದು ಬೇರೆ, ಬರೆಯಿಸುವುದು ಮತ್ತೂ ಬೇರೆ. ನಾವು ಕನ್ನಡಿಗರು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಮಾತು. ಅಕ್ಷರ ಬರೆಯದ ಕೈಗೆ ಓದು ಹೇಗೆ ನೆಲೆಗೊಳ್ಳುವುದಿಲ್ಲವೋ ಹಾಗೆಯೇ ನಕ್ಷೆ ಬರೆಯದ ಕೈಗೆ ನೆಲವೂ ಒಲಿಯುವುದಿಲ್ಲ. ಇಲ್ಲಿ ಹೇಳಬೇಕಾಗಿರುವುದು ಇದೊಂದೇ ಮಾತು.

ಮೊದಲು ಭೂಪಟವನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಹಾಸಿ. ಬೆಳಗಿನ ಹೊತ್ತು ಸೂರ್ಯನ ಕಡೆ ಮುಖ ಮಾಡಿ ನಿಂತರೆ ಉತ್ತರ ಎಡಗೈಯ ಕಡೆಗೆ ಇರುತ್ತದೆ. ಭೂಪಟದ ಉತ್ತರವನ್ನೂ ಅದೇ ಕಡೆಗೆ ತಿರುಗಿಸಿ. ಆಗ ಪಟದ ಮೇಲಿನ ಕಾಶಿ ನಿಜವಾದ ಕಾಶಿಯ ದಿಕ್ಕಿನಲ್ಲಿಯೇ ಇರುತ್ತದೆ. ಕಾವೇರಿ ತಾನು ಹರಿಯುವ ದಿಕ್ಕಿಗೇ ಹರಿಯುತ್ತದೆ. ಅನಂತರ ಮಕ್ಕಳು ತಮ್ಮ ಕೋಣೆಯನ್ನು ಹೆಜ್ಜೆಯಿಂದ ಅಳೆಯಲಿ. ಒಂದು ಹೆಜ್ಜೆಗೆ ಒಂದು ಸೆಂಟಿಮೀಟರಿನಂತೆ ಗೋಡೆ, ಬಾಗಿಲು, ಹಲಗೆಗಳನ್ನು ಕಾಗದದ ಮೇಲೆ ಗುರುತಿಸಲಿ. ಪಕ್ಕದ ಹುಡುಗನ ಹೆಜ್ಜೆ ಗಿಡ್ಡವಾದ್ದರಿಂದ ಅವನ ಕೋಣೆ ದೊಡ್ಡದಾಗಿ ಬಂದಾಗ ಜಗಳ ಹುಟ್ಟುತ್ತದೆ. ಆ ಜಗಳ ಬಹಳ ಒಳ್ಳೆಯದು. ಎಲ್ಲರಿಗೂ ಒಪ್ಪಿಗೆಯಾಗುವ ಅಳತೆಯೊಂದು ಏಕೆ ಬೇಕು, ನಕ್ಷೆಯ ಮೂಲೆಯಲ್ಲಿ ಪ್ರಮಾಣವನ್ನು ಏಕೆ ಬರೆದಿರುತ್ತಾರೆ ಎಂಬುದು ಅಂದಿಗೇ ತಿಳಿದುಹೋಗುತ್ತದೆ.

ಇನ್ನು ನಮ್ಮ ನಾಡಿನದೇ ಒಂದು ಪಾಠ. “ಪಶ್ಚಿಮ ಘಟ್ಟಗಳು ಮುಂಗಾರು ಮಾರುತವನ್ನು ತಡೆಯುವುದರಿಂದ ಪಶ್ಚಿಮದಲ್ಲಿ ಹೆಚ್ಚು ಮಳೆಯೂ ಪೂರ್ವದಲ್ಲಿ ಕಡಮೆ ಮಳೆಯೂ ಆಗುತ್ತದೆ” ಎಂಬ ವಾಕ್ಯವನ್ನು ಬಾಯಿಪಾಠ ಮಾಡದ ವಿದ್ಯಾರ್ಥಿ ನಮ್ಮಲ್ಲಿ ಇರಲಾರ. ಅದನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಒಂದು ಉದ್ದನೆಯ ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಳ್ಳಿ. ಮಲ್ಪೆಯ ಕಡಲತೀರದಿಂದ ಹೊರಟು ಉಡುಪಿ, ಆಗುಂಬೆ, ತೀರ್ಥಹಳ್ಳಿ, ಶಿವಮೊಗ್ಗ, ಚಿತ್ರದುರ್ಗಗಳನ್ನು ಮುಟ್ಟಿ ಚಳ್ಳಕೆರೆಯನ್ನು ಸೇರುವ, ಅಲ್ಲಲ್ಲಿ ಕೊಂಚ ಬಾಗಿದ ಗೆರೆಯೊಂದನ್ನು ಕಲ್ಪಿಸಿಕೊಳ್ಳಿ. ಅದರ ಉದ್ದ ಸುಮಾರು ೨೪೦ ಕಿಲೋಮೀಟರ್. ಹತ್ತು ಕಿಲೋಮೀಟರಿಗೆ ಒಂದು ಸೆಂಟಿಮೀಟರಿನಂತೆ ಹಿಡಿದರೆ ಹಾಳೆಯ ಮೇಲೆ ೨೪ ಸೆಂಟಿಮೀಟರ್ ಆಗುತ್ತದೆ. ಈ ಗೆರೆಯುದ್ದಕ್ಕೂ ನೆಲವನ್ನು ಕತ್ತಿಯಿಂದ ಸೀಳಿ ಪಕ್ಕದಿಂದ ನೋಡಿದರೆ ಹೇಗೆ ಕಂಡೀತೋ ಅದನ್ನು ಬರೆಯುವುದು ನಮ್ಮ ಕೆಲಸ. ಇದಕ್ಕೆ ಸೀಳುನೋಟ ಎನ್ನೋಣ.

ಎತ್ತರಕ್ಕೆ ೨೦೦ ಮೀಟರಿಗೆ ಒಂದು ಸೆಂಟಿಮೀಟರಿನಂತೆ ಅಳತೆ ಇಟ್ಟುಕೊಳ್ಳಿ. ಮಲ್ಪೆ ಸೊನ್ನೆಯಲ್ಲಿದೆ. ಆಗುಂಬೆ ಅಲ್ಲಿಂದ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಆಚೆ; ಅದರ ಎತ್ತರ ಸುಮಾರು ೬೫೦ ಮೀಟರ್, ಎಂದರೆ ಹಾಳೆಯ ಮೇಲೆ ಮೂರು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಶಿವಮೊಗ್ಗ ಸುಮಾರು ೫೭೦ ಮೀಟರ್. ಚಿತ್ರದುರ್ಗ ೭೦೦ ಮೀಟರಿಗೂ ಮೇಲೆ. ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆಯಿರಿ. ಮಕ್ಕಳಿಗೆ ಇಲ್ಲೊಂದು ಆಶ್ಚರ್ಯ ಕಾದಿರುತ್ತದೆ. ಘಟ್ಟವನ್ನು ಹತ್ತಿದಷ್ಟೇ ಆಚೆ ಕಡೆ ಇಳಿಯಬೇಕೆಂದು ಅವರು ತಿಳಿದಿದ್ದರು. ಗೆರೆಯಾದರೋ ಇಳಿಯಲೇ ಇಲ್ಲ! ಕಡಲ ಕಡೆಯಿಂದ ಒಮ್ಮೆಗೇ ಏರಿ, ಹೆಚ್ಚು ಕಡಮೆ ಅದೇ ಎತ್ತರದಲ್ಲಿ ಪೂರ್ವಕ್ಕೆ ಸಾಗಿತು. ಘಟ್ಟ ಗೋಡೆಯಲ್ಲ, ಮೆಟ್ಟಿಲು. ಕರಾವಳಿಯ ಜನ ಬಯಲುಸೀಮೆಯವರನ್ನು “ಘಟ್ಟದ ಮೇಲಿನವರು” ಎಂದು ಕರೆಯುತ್ತಾರಲ್ಲವೆ? ಅವರ ಮಾತು ಅಕ್ಷರಶಃ ಸರಿ. ಘಟ್ಟದ ಆಚೆಯ ನಾಡೆಲ್ಲ ಘಟ್ಟದ ಮೇಲೆಯೇ ಇದೆ.

ಈಗ ಅದೇ ಗೆರೆಯ ಮೇಲೆ ಮಳೆಯ ಕಂಬಗಳನ್ನು ನಿಲ್ಲಿಸಿ. ವರ್ಷಕ್ಕೆ ೧೦೦೦ ಮಿಲಿಮೀಟರ್ ಮಳೆಗೆ ಒಂದು ಸೆಂಟಿಮೀಟರ್. ಉಡುಪಿಯ ಕಂಬ ಸುಮಾರು ನಾಲ್ಕು ಸೆಂಟಿಮೀಟರ್. ಆಗುಂಬೆಯದು ಏಳನ್ನೂ ಮೀರುತ್ತದೆ. ಅಲ್ಲಿಂದ ಎಪ್ಪತ್ತೇ ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ ಒಂದು ಸೆಂಟಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಚಳ್ಳಕೆರೆಯಲ್ಲಿ ಉಳಿಯುವುದು ಅರ್ಧ ಸೆಂಟಿಮೀಟರ್. ಕಡಲಿನಿಂದ ಬಂದ ತೇವದ ಗಾಳಿ ಮೆಟ್ಟಿಲಿಗೆ ತಾಗಿ ಮೇಲೇರುತ್ತದೆ, ಏರುತ್ತ ತಣ್ಣಗಾಗುತ್ತದೆ, ತಣ್ಣಗಾಗುತ್ತ ನೀರನ್ನು ಬಿಟ್ಟುಕೊಡುತ್ತದೆ. ಮೆಟ್ಟಿಲನ್ನು ದಾಟಿದ ಮೇಲೆ ಅದು ಏರುವುದಕ್ಕೆ ಕಾರಣವೂ ಇಲ್ಲ, ಸುರಿಸುವುದಕ್ಕೆ ಅಷ್ಟು ನೀರೂ ಉಳಿದಿಲ್ಲ. ಉಪಾಧ್ಯಾಯರು ಇದನ್ನು ಹೇಳಬೇಕಾಗಿಲ್ಲ. ಕಂಬಗಳನ್ನು ನಿಲ್ಲಿಸಿದ ಹುಡುಗಿಯೇ ಹೇಳುತ್ತಾಳೆ. ಬದಿಗಿಟ್ಟಿದ್ದ ಆ ವಾಕ್ಯ ಈಗ ಅವಳ ಸ್ವಂತ ವಾಕ್ಯವಾಗುತ್ತದೆ. ಘಟ್ಟದ ಅಂಚಿನಿಂದ ಪಶ್ಚಿಮಕ್ಕಿಳಿದ ಮಳೆ ಸೀತಾನದಿಯಾಗಿ ಬೇಗನೆ ಅರಬ್ಬೀ ಸಮುದ್ರ ಸೇರುವಾಗ, ಪೂರ್ವಕ್ಕೆ ಬಿದ್ದದ್ದು ತುಂಗೆಯನ್ನು ಕೂಡಿಕೊಂಡು, ತುಂಗಭದ್ರೆಯಾಗಿ, ಕೃಷ್ಣೆಯಾಗಿ, ದೂರದ ಬಂಗಾಳ ಕೊಲ್ಲಿಗೆ ಏಕೆ ಹೋಗುತ್ತದೆ ಎಂಬುದಕ್ಕೂ ಅದೇ ಗೆರೆಯಲ್ಲಿ ಸುಳಿವಿದೆ.

ಆದರೆ ಚಿತ್ರ ಬರೆದವರು ತಮ್ಮ ಚಿತ್ರದ ಸುಳ್ಳನ್ನೂ ಒಪ್ಪಿಕೊಳ್ಳಬೇಕು. ನಾವು ಉದ್ದಕ್ಕೆ ಒಂದು ಅಳತೆಯನ್ನೂ ಎತ್ತರಕ್ಕೆ ಇನ್ನೊಂದನ್ನೂ ಹಿಡಿದೆವು. ಎತ್ತರ ೫೦ ಪಟ್ಟು ಹಿಗ್ಗಿತು. ಎರಡಕ್ಕೂ ಒಂದೇ ಅಳತೆ ಹಿಡಿದಿದ್ದರೆ ಆಗುಂಬೆಯ ಎತ್ತರ ಒಂದು ಮಿಲಿಮೀಟರನ್ನೂ ಮುಟ್ಟುತ್ತಿರಲಿಲ್ಲ. ಸೀಸದಕಡ್ಡಿಯ ಗೆರೆಯ ದಪ್ಪದಲ್ಲಿಯೇ ಘಟ್ಟ ಅಡಗಿಹೋಗುತ್ತಿತ್ತು. ಹಿಗ್ಗಿಸುವುದು ತಪ್ಪಲ್ಲ, ಹಿಗ್ಗಿಸಿದೆ ಎಂದು ಮೂಲೆಯಲ್ಲಿ ಬರೆಯದಿರುವುದು ತಪ್ಪು. ಗೋಡೆಯ ಮೇಲಿನ ಪ್ರಪಂಚದ ಭೂಪಟಕ್ಕೂ ಈ ಮಾತು ಸಲ್ಲುತ್ತದೆ. ೧೫೬೯ರಲ್ಲಿ ಮರ್ಕೇಟರ್ ನಾವಿಕರಿಗಾಗಿ ರಚಿಸಿದ ಕ್ರಮದಲ್ಲಿ ದಿಕ್ಕು ಸರಿಯಾಗಿ ಸಿಕ್ಕುತ್ತದೆ, ವಿಸ್ತಾರ ಕೆಡುತ್ತದೆ. ಅದರಲ್ಲಿ ಗ್ರೀನ್‌ಲೆಂಡು ಭಾರತವನ್ನು ನುಂಗುವಷ್ಟು ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಭಾರತವೇ ಅದರ ಒಂದೂವರೆಯಷ್ಟಿದೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ೨೦೨೧ರ ಜನವರಿಯಲ್ಲಿ ಮೊದಲ ಬಾರಿಗೆ ನಡುವೆ ಎಲ್ಲಿಯೂ ಇಳಿಯದೆ ಬಂದ ವಿಮಾನ ಉತ್ತರ ಧ್ರುವದ ಮೇಲೆ ಹಾದುಬಂತು. ಚಪ್ಪಟೆ ಪಟದಲ್ಲಿ ಇದು ಸುತ್ತುದಾರಿ ಎನಿಸುತ್ತದೆ. ಗೋಳದ ಮೇಲೆ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿ. ದಾರ ತಾನಾಗಿಯೇ ಧ್ರುವದ ಕಡೆಗೆ ಸರಿಯುತ್ತದೆ. ಗೋಳವಿಲ್ಲದ ಭೂಗೋಳದ ಪಾಠ ಅರ್ಧ ಪಾಠವೇ.

ಇದೆಲ್ಲ ಮಕ್ಕಳ ಆಟವೆಂದು ಯಾರಾದರೂ ಅಂದಾರು. ವಿದ್ವಾಂಸರೂ ಇದೇ ಆಟವನ್ನು ಆಡಿ ಪ್ರಪಂಚದ ತಿಳಿವಳಿಕೆಯನ್ನೇ ಬದಲಾಯಿಸಿದ್ದಾರೆ. ಅಮೆರಿಕದಲ್ಲಿ ಮೇರಿ ಥಾರ್ಪ್ ಎಂಬ ಮಹಿಳೆ ಕೊಲಂಬಿಯಾ ವಿಶ್ವವಿದ್ಯಾಲಯದ ಭೂವಿಜ್ಞಾನ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು. ಆ ಕಾಲದಲ್ಲಿ ಸಂಶೋಧನೆಯ ಹಡಗಿಗೆ ಹೆಂಗಸರನ್ನು ಹತ್ತಿಸುತ್ತಿರಲಿಲ್ಲ. ಹಡಗುಗಳು ಶಬ್ದವನ್ನು ಕಡಲತಳಕ್ಕೆ ಬಿಟ್ಟು, ಮರುದನಿ ಬರುವ ಹೊತ್ತಿನಿಂದ ಆಳವನ್ನು ಲೆಕ್ಕಹಾಕಿ ತಂದ ಅಂಕಿಗಳು ಅವರ ಮೇಜಿಗೆ ಬರುತ್ತಿದ್ದವು. ೧೯೫೨ರಲ್ಲಿ ಅವರು ಆ ಅಂಕಿಗಳಿಂದ ಉತ್ತರ ಅಟ್ಲಾಂಟಿಕ್ ಸಾಗರದ ಆರು ಸೀಳುನೋಟಗಳನ್ನು ಬರೆದು ಒಂದರ ಕೆಳಗೊಂದು ಇಟ್ಟರು. ಸಾಗರದ ನಡುವೆ ಬೆಟ್ಟಸಾಲು ಇದೆಯೆಂಬುದು ಮೊದಲೇ ಗೊತ್ತಿತ್ತು. ಥಾರ್ಪರ ಕಣ್ಣಿಗೆ ಬಿದ್ದದ್ದು ಆ ಸಾಲಿನ ನೆತ್ತಿಯ ಮೇಲೆ ಮತ್ತೆ ಮತ್ತೆ ಕಾಣಿಸಿಕೊಂಡ ಒಂದು ಕಂದರ. ಅಲ್ಲಿ ಭೂಮಿಯ ತೊಗಟೆ ಬಿರಿಯುತ್ತಿದೆ ಎಂದು ಅವರು ಹೇಳಿದಾಗ ಜೊತೆಗಾರ ಬ್ರೂಸ್ ಹೀಜೆನ್ ಮೊದಲು ಅದನ್ನು ತಳ್ಳಿಹಾಕಿದರು. ಖಂಡಗಳು ಸರಿಯುತ್ತವೆ ಎಂಬ ವಾದಕ್ಕೆ ಆಗ ಅಲ್ಲಿ ಮರ್ಯಾದೆ ಇರಲಿಲ್ಲ. ಆದರೆ ಇನ್ನೊಬ್ಬ ಸಹೋದ್ಯೋಗಿ ಕಡಲಡಿಯ ಭೂಕಂಪಗಳ ಕೇಂದ್ರಗಳನ್ನು ಅದೇ ಪ್ರಮಾಣದ ನಕ್ಷೆಯ ಮೇಲೆ ಗುರುತಿಸುತ್ತಿದ್ದರು. ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟಾಗ ಭೂಕಂಪದ ಚುಕ್ಕೆಗಳು ಕಂದರದ ಗುಂಟ ಸಾಲಾಗಿ ಬಿದ್ದವು. ಹೀಜೆನ್ ಒಪ್ಪಿಕೊಂಡರು, ೧೯೬೦ರ ದಶಕದ ಕೊನೆಯ ಹೊತ್ತಿಗೆ ವಿಜ್ಞಾನ ಲೋಕವೂ ಒಪ್ಪಿಕೊಂಡಿತು. ಹಾಳೆಗಟ್ಟಲೆ ಅಂಕಿಗಳಲ್ಲಿ ಅಡಗಿದ್ದ ಸಂಗತಿ ಗೆರೆ ಎಳೆದ ಮೇಲೆ ಕಂಡಿತು.

ಒಂದೇ ಪ್ರಮಾಣದ ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಡುವ ಈ ಉಪಾಯ ನಮ್ಮ ಊರುಗಳಿಗೂ ಬೇಕಾಗಿದೆ. ೧೯೮೮ರಲ್ಲಿ ಭಾರತದ ದೂರಸಂವೇದಿ ಉಪಗ್ರಹ ಐಆರ್‌ಎಸ್-೧ಎ ಮೇಲೇರಿದ ಮೇಲೆ ಆಕಾಶದಿಂದ ತೆಗೆದ ಚಿತ್ರ ನಮಗೆ ಹೊಸದೇನೂ ಅಲ್ಲ. ಈಗಂತೂ ಅದು ಅಂಗೈಯಲ್ಲಿನ ಫೋನಿನಲ್ಲಿಯೇ ಸಿಕ್ಕುತ್ತದೆ. ಫೋನು ದಾರಿಯನ್ನೂ ಹೇಳಿಕೊಡುತ್ತದೆ: ಎಡಕ್ಕೆ ತಿರುಗು, ಬಲಕ್ಕೆ ತಿರುಗು. ಊರು ಸೇರುತ್ತೇವೆ, ಯಾವ ಹಳ್ಳವನ್ನು ದಾಟಿದೆವು, ಯಾವ ದಿಣ್ಣೆಯನ್ನು ಏರಿದೆವು ಎಂಬುದು ಮಾತ್ರ ತಿಳಿಯದೆ ಉಳಿಯುತ್ತದೆ. ನೆಲದ ಏರುತಗ್ಗನ್ನು ಹೇಳುವುದು ಭಾರತೀಯ ಸರ್ವೇಕ್ಷಣ ಇಲಾಖೆಯ ಟೋಪೋಶೀಟು. ಅದರಲ್ಲಿ ನೀರಿಗೆ ನೀಲಿ, ಕಾಡಿಗೆ ಹಸಿರು, ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳಿಗೆ ಕಂದುಬಣ್ಣ. ಈ ರೇಖೆಗಳು ಮಕ್ಕಳಿಗೆ ಕಬ್ಬಿಣದ ಕಡಲೆ ಎಂಬ ಮಾತಿದೆ. ಅರ್ಧ ಆಲೂಗೆಡ್ಡೆಯನ್ನು ಪಾತ್ರೆಯಲ್ಲಿ ಕವುಚಿ, ಬೆರಳಷ್ಟು ನೀರು ಹೊಯ್ದು, ನೀರು ಮುಟ್ಟಿದಲ್ಲಿ ಸುತ್ತಲೂ ಗೀರು ಹಾಕಿ; ಮತ್ತಷ್ಟು ಹೊಯ್ದು ಮತ್ತೆ ಗೀರು ಹಾಕಿ. ಬಳಿಕ ನೀರು ಚೆಲ್ಲಿ ಮೇಲಿನಿಂದ ನೋಡಿದರೆ ಗುಡ್ಡದ ನಕ್ಷೆ ಸಿದ್ಧ. ಗೀರುಗಳು ಒತ್ತಾಗಿರುವಲ್ಲಿ ಕಡಿದು, ಬಿಡಿಯಾಗಿರುವಲ್ಲಿ ಇಳಿಜಾರು.

ಇದನ್ನು ಕಲಿತವರು ಬೆಂಗಳೂರಿನ ಹಳೆಯ ನಕ್ಷೆಯನ್ನೂ ಇಂದಿನ ಚಿತ್ರವನ್ನೂ ಜೊತೆಯಲ್ಲಿ ಇಟ್ಟುಕೊಂಡು ನೋಡಲಿ. ಕೆಂಪೇಗೌಡ ಬಸ್ ನಿಲ್ದಾಣವಿರುವಲ್ಲಿ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣವಿರುವಲ್ಲಿ ಸಂಪಂಗಿ ಕೆರೆ. ಕೆರೆಯನ್ನು ಮುಚ್ಚಬಹುದು, ಆದರೆ ಅದರ ಸುತ್ತಲಿನ ಇಳಿಜಾರನ್ನು ಮುಚ್ಚಲಾಗದು. ಮಳೆ ಬಂದಾಗ ನೀರು ತನ್ನ ಹಳೆಯ ದಾರಿಯನ್ನೇ ಹುಡುಕಿಕೊಂಡು ಬರುತ್ತದೆ. ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ದೋಣಿಯನ್ನೂ ಟ್ರಾಕ್ಟರನ್ನೂ ಹತ್ತಿ ಜನ ಹೊರಬರಬೇಕಾದಾಗ ಇದು ಎಲ್ಲರ ಕಣ್ಣಿಗೂ ಬಿತ್ತು. ನಕ್ಷೆ ಓದಬಲ್ಲವರು ನಿವೇಶನ ಕೊಳ್ಳುವ ಮುನ್ನವೇ ಇದನ್ನು ಕಾಣಬಹುದು. ಭೂಗೋಳ ಪರೀಕ್ಷೆಯ ಅಂಕಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ; ಮನೆಯ ಹೊಸಿಲಿನವರೆಗೂ ಬರುವ ವಿಷಯ.

ಆದ್ದರಿಂದ ಉಪಾಧ್ಯಾಯರಲ್ಲಿಯೂ ತಂದೆತಾಯಿಗಳಲ್ಲಿಯೂ ಒಂದು ವಿಜ್ಞಾಪನೆ. ಅಚ್ಚಾದ ಭೂಪಟದಲ್ಲಿ ಊರುಗಳನ್ನು ತುಂಬಿಸುವುದರ ಜೊತೆಗೆ, ವರ್ಷಕ್ಕೊಮ್ಮೆಯಾದರೂ ಮಕ್ಕಳು ತಮ್ಮ ಊರಿನ ನಕ್ಷೆಯನ್ನು ತಾವೇ ನಡೆದು, ಅಳೆದು, ಬರೆಯಲಿ. ಕೆರೆ ಎಲ್ಲಿದೆ, ಅದಕ್ಕೆ ನೀರು ಯಾವ ಕಡೆಯಿಂದ ಬರುತ್ತದೆ, ಕೋಡಿ ಬಿದ್ದರೆ ಯಾವ ಕಡೆ ಹೋಗುತ್ತದೆ ಎಂಬುದು ಅದರಲ್ಲಿರಲಿ. ಗೆರೆ ಸೊಟ್ಟಗಾದರೆ ಚಿಂತೆಯಿಲ್ಲ. ಅಂಥ ನಕ್ಷೆಯೊಂದನ್ನು ಬರೆದ ಮಗುವನ್ನು ಮತ್ತೊಮ್ಮೆ ಉತ್ತರ ಯಾವ ಕಡೆ ಎಂದು ಕೇಳಿ ನೋಡಿ. ಅದರ ಕೈ ಸೂರಿನ ಕಡೆಗೆ ಏಳಲಾರದು.