ಪ್ರಭುವಿನ ಪುನರಾಗಮನ ಮತ್ತು ನಮ್ಮ ಸಿದ್ಧತೆ

(ಶತಮಾನೋತ್ಸವದ ಪೂರ್ವಸಿದ್ಧತೆಯ ಮೂರನೆಯ ದಿನ ವಿಚಾರಣಾ ಗುರುಗಳು ನೀಡಿದ ಪ್ರವಚನ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬುತ್ತಿರುವ ಈ ಶುಭ ಸಂದರ್ಭದಲ್ಲಿ ನಾವೆಲ್ಲರೂ ಹಿಂದಿರುಗಿ ನೋಡುತ್ತಿದ್ದೇವೆ. ಇಲ್ಲಿ ಕಲ್ಲು ಹೊತ್ತವರನ್ನು, ಮುಂಜಾವಿನ ಕತ್ತಲಲ್ಲಿ ಜಪಸರ ಹಿಡಿದು ಪೂಜೆಗೆ ನಡೆದು ಬಂದವರನ್ನು, ಇಂದು ಸಮಾಧಿಭೂಮಿಯಲ್ಲಿ ವಿಶ್ರಮಿಸುತ್ತಿರುವ ಹಿರಿಯರನ್ನು ಕೃತಜ್ಞತೆಯಿಂದ ಸ್ಮರಿಸುತ್ತಿದ್ದೇವೆ. ಇದು ಯುಕ್ತವೇ ಸರಿ. ಆದರೆ ಆ ಹಿರಿಯರಾದರೋ ಬರಲಿರುವ ಪ್ರಭುವನ್ನು ನಿರೀಕ್ಷಿಸುತ್ತಲೇ ಈ ಆಲಯವನ್ನು ಕಟ್ಟಿದರು. ಆದುದರಿಂದ ಇಂದು ನಾವು ಮುಂದಕ್ಕೂ ದೃಷ್ಟಿ ಹಾಯಿಸೋಣ.

ಕ್ರಿಸ್ತರು ಜೀವಂತರಿಗೂ ಮೃತರಿಗೂ ತೀರ್ಪು ನೀಡಲು ಬರುವರೆಂಬುದು ನಮ್ಮ ವಿಶ್ವಾಸದ ಒಂದು ಅಂಗ. 325ರಲ್ಲಿ ನಿಕೇಯದಲ್ಲಿ ಕೂಡಿದ ಧರ್ಮಾಧ್ಯಕ್ಷರು ಇದನ್ನು ವಿಶ್ವಾಸ ಪ್ರಮಾಣದಲ್ಲಿ ಸೇರಿಸಿದರು. 2025ರಲ್ಲಿ ಆ ಮಹಾಸಭೆಗೆ 1,700 ವರ್ಷಗಳು ತುಂಬಿದವು. ಭಾನುವಾರದ ಬಲಿಪೂಜೆಯಲ್ಲಿ ನಾವು ಎದ್ದು ನಿಂತು ಇದನ್ನೇ ಸಾರುತ್ತೇವೆ. ಆಗಮನ ಕಾಲದಲ್ಲಿಯೂ ಡಿಸೆಂಬರ್ 16ರವರೆಗಿನ ಪ್ರಾರ್ಥನೆಗಳು ವಿಶೇಷವಾಗಿ ಈ ಪುನರಾಗಮನವನ್ನೇ ಕುರಿತವು. 17ರಿಂದಲೇ ಅವು ನೇರವಾಗಿ ಬೆತ್ಲೆಹೇಮಿನತ್ತ ತಿರುಗುತ್ತವೆ. ನಾವೋ ಮೊದಲ ದಿನದಿಂದಲೇ ಗೋದಲಿ, ನಕ್ಷತ್ರಗಳ ಸಡಗರದಲ್ಲಿ ಮುಳುಗಿಬಿಡುತ್ತೇವೆ. ಬಾಯಿಗೆ ಅಭ್ಯಾಸವಾದ ಮಾತು ಹೃದಯಕ್ಕೆ ಇಳಿದಿದೆಯೇ?

ಪ್ರಭು ಎಂದು ಬರುವರು? ಆ ದಿನವಾಗಲಿ ಗಳಿಗೆಯಾಗಲಿ ತಂದೆಯ ಹೊರತು ಯಾರಿಗೂ ತಿಳಿಯದೆಂದು ಯೇಸುಸ್ವಾಮಿಯವರೇ ಹೇಳಿದ್ದಾರೆ. ಆದರೂ ಲೆಕ್ಕ ಹಾಕುವವರಿಗೆ ಕೊರತೆಯಿಲ್ಲ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬವರ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಪ್ರಭು ಬರುವರೆಂದು ಸಾವಿರಾರು ಸಂಖ್ಯೆಯಲ್ಲಿ ಕಾದು ನಿರಾಶರಾದರು. 2012ರ ಡಿಸೆಂಬರ್ 21ರಂದು ಲೋಕವೇ ಮುಗಿಯುವುದೆಂಬ ಪುಕಾರು ಜಗತ್ತೆಲ್ಲ ಹಬ್ಬಿತ್ತು, ಮರುದಿನವೂ ಸೂರ್ಯೋದಯವಾಯಿತು. ದಿನವನ್ನು ಎಣಿಸುವುದು ಸಿದ್ಧತೆಯಲ್ಲ. ದಿನ ತಿಳಿದವನಿಗೆ ಎಚ್ಚರವೇ ಬೇಕಾಗಿಲ್ಲ.

ಇನ್ನೊಂದು ತಪ್ಪು ಕಲ್ಪನೆಯೂ ಉಂಟು. ಪ್ರಭು ಬರುವರಲ್ಲಾ, ಇನ್ನು ದುಡಿಯುವುದೇಕೆ ಎಂದು ಥೆಸಲೋನಿಕದ ಸಭೆಯಲ್ಲಿ ಕೆಲವರು ಸೋಮಾರಿಗಳಾಗಿ ತಿರುಗುತ್ತಿದ್ದರು. ಪ್ರೇಷಿತ ಪೌಲರು ಅವರನ್ನು ಕಟುವಾಗಿಯೇ ಎಚ್ಚರಿಸಿದರು. ಸ್ವತಃ ಗುಡಾರ ಹೊಲಿದು ಅನ್ನ ಸಂಪಾದಿಸಿದ ಅವರಿಗೆ ಆ ಅಧಿಕಾರವಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಇದನ್ನೇ ಬೋಧಿಸಿತು: ನೂತನ ಭೂಮಿಯ ನಿರೀಕ್ಷೆಯು ಈ ಭೂಮಿಯ ಮೇಲಿನ ನಮ್ಮ ಕಾಳಜಿಯನ್ನು ಕುಗ್ಗಿಸಬಾರದು, ಇಮ್ಮಡಿಗೊಳಿಸಬೇಕು. ಉಳುವವನು ನೇಗಿಲ ಬಳಿ, ತಾಯಿ ಒಲೆಯ ಬಳಿ, ಗುಮಾಸ್ತ ತನ್ನ ಮೇಜಿನ ಬಳಿ ಪ್ರಾಮಾಣಿಕರಾಗಿ ಇರುವುದೇ ಕಾಯುವ ರೀತಿ.

ಹಾಗಾದರೆ ಸಿದ್ಧತೆ ಎಂದರೇನು? ಸಂತ ಮತ್ತಾಯರ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯದ ಹತ್ತು ಮಂದಿ ಕನ್ಯೆಯರನ್ನು ಗಮನಿಸಿರಿ. ಹತ್ತು ಮಂದಿಯ ಕೈಯಲ್ಲೂ ದೀಪವಿತ್ತು. ಮದುವಣಿಗನು ತಡಮಾಡಿದಾಗ ಹತ್ತು ಮಂದಿಯೂ ತೂಕಡಿಸಿ ಮಲಗಿದರು, ಜಾಣೆಯರೂ ಮಲಗಿದರು. ವ್ಯತ್ಯಾಸವಿದ್ದುದು ಎಣ್ಣೆಯಲ್ಲಿ. ಕೇಳಿದಾಗ ಅವರು ಎಣ್ಣೆ ಕೊಡಲಿಲ್ಲವಲ್ಲ, ಅದು ಕಠೋರತೆಯಲ್ಲವೇ ಎಂದು ನಮಗೆ ಅನಿಸಬಹುದು. ಅಲ್ಲ. ಕೆಲವು ವಸ್ತುಗಳನ್ನು ಕಡ ತರಲು ಬರುವುದಿಲ್ಲ. ನಮ್ಮ ಪರವಾಗಿ ಇನ್ನೊಬ್ಬರು ಪ್ರಾರ್ಥಿಸಬಹುದು. ಆದರೆ ನಮ್ಮ ಬದಲಾಗಿ ಪಶ್ಚಾತ್ತಾಪ ಪಡಲಾರರು.

ಶತಮಾನೋತ್ಸವದ ಈ ಗಳಿಗೆಯಲ್ಲಿ ಇದು ನಮ್ಮನ್ನು ಚುಚ್ಚಬೇಕು. ಅಜ್ಜ ಅಜ್ಜಿಯರು ನಮಗೆ ದೀಪವನ್ನು ಕೊಟ್ಟು ಹೋಗಿದ್ದಾರೆ: ಈ ಪೀಠ, ಈ ಗಂಟೆ, ಈ ಹಬ್ಬ. ತಮ್ಮ ಎಣ್ಣೆಯನ್ನು ಅವರು ತಮ್ಮ ಜೀವನದಲ್ಲಿ ಉರಿಸಿದರು. ಅವರ ಭಕ್ತಿಯ ಬೆಳಕಿನಲ್ಲಿ ನಾವು ಇನ್ನೆಷ್ಟು ದಿನ ನಡೆಯಬಲ್ಲೆವು?

ಆ ಎಣ್ಣೆ ಯಾವುದೆಂಬುದನ್ನು ಅದೇ ಅಧ್ಯಾಯದ ಕೊನೆ ತಿಳಿಸುತ್ತದೆ. ಮಹಿಮೆಯ ಸಿಂಹಾಸನದಲ್ಲಿ ಕುಳಿತ ಅರಸರು ಕೇಳುವುದು ಹಸಿದವರನ್ನು, ಬಾಯಾರಿದವರನ್ನು, ಪರದೇಶಿಯನ್ನು, ಬಟ್ಟೆಯಿಲ್ಲದವರನ್ನು, ರೋಗಿಯನ್ನು, ಸೆರೆಯಲ್ಲಿದ್ದವರನ್ನು ಕುರಿತು. ತೇರಿಗೆ ಎಷ್ಟು ಸಲ ಹೆಗಲು ಕೊಟ್ಟೆವೆಂಬ ಪ್ರಶ್ನೆ ಅಲ್ಲಿಲ್ಲ.

ಅನೇಕ ಮರಣಶಯ್ಯೆಗಳ ಬಳಿ ಪರಮಪ್ರಸಾದವನ್ನು ಹಿಡಿದು ನಾವು ನಿಂತದ್ದುಂಟು. ಕೊನೆಯ ಗಳಿಗೆಯಲ್ಲಿ ಆಸ್ತಿಪಾಸ್ತಿಯ ಮಾತು ವಿರಳ. ಮಾತು ಬಿಟ್ಟ ತಮ್ಮನನ್ನು, ಮನೆಗೆ ಸೇರಿಸದ ಮಗಳನ್ನು ಕಣ್ಣು ಹುಡುಕುತ್ತದೆ. ಕೆಲವೊಮ್ಮೆ ಅವರು ಬಂದು ತಲುಪುತ್ತಾರೆ, ಕೆಲವೊಮ್ಮೆ ತಲುಪುವುದಿಲ್ಲ. ಲೋಕಾಂತ್ಯವನ್ನು ನಾವು ಕಾಣದಿರಬಹುದು. ಆದರೆ ನಮ್ಮ ಮರಣದ ಗಳಿಗೆಯಲ್ಲಿ ಪ್ರತಿಯೊಬ್ಬರೂ ಆ ಪ್ರಭುವನ್ನೇ ಎದುರುಗೊಳ್ಳುವೆವು.

ಒಂದೇ ಬದುವಿನ ಎರಡು ಬದಿಯಲ್ಲಿ ಬೇಸಾಯ ಮಾಡುವ ಅಣ್ಣತಮ್ಮಂದಿರು ಒಂದೇ ಪೂಜೆಗೆ ಬಂದು, ಮುಖ ನೋಡಲಾರದೆ ಬೇರೆ ಬೇರೆ ಬಾಗಿಲಿನಿಂದ ಹೊರಹೋಗುವ ದೃಶ್ಯ ಯಾವ ಧರ್ಮಕೇಂದ್ರದಲ್ಲಿಲ್ಲ? ಕಾಣಿಕೆಯನ್ನು ಪೀಠದ ಬಳಿಯೇ ಬಿಟ್ಟು, ಮೊದಲು ಸಹೋದರನೊಡನೆ ಸಮಾಧಾನವಾಗಬೇಕೆಂದು ಪ್ರಭು ಆಜ್ಞಾಪಿಸಿದ್ದಾರೆ. ದೇವಾಲಯಕ್ಕೆ ಹೊಸ ಬಣ್ಣ ಬಳಿದಿದ್ದೇವೆ. ಹಳೆಯ ಹಗೆಯನ್ನು ಒಳಗೇ ಉಳಿಸಿಕೊಂಡು ನೂರನೆಯ ವರ್ಷವನ್ನು ಆಚರಿಸೋಣವೇ?

ಇದನ್ನೆಲ್ಲ ಹೇಳುವುದು ಭಯ ಹುಟ್ಟಿಸಲೆಂದಲ್ಲ. ಹಿಂದೆ ಮೃತರ ಪೂಜೆಯಲ್ಲಿ ಗುರುಗಳು ಕಪ್ಪು ಪೂಜಾವಸ್ತ್ರ ಧರಿಸುತ್ತಿದ್ದರು. ತೀರ್ಪಿನ ದಿನದ ಭಯಂಕರತೆಯನ್ನು ವರ್ಣಿಸುವ ಲತೀನ್ ಗೀತೆಯನ್ನು ಹಾಡಲಾಗುತ್ತಿತ್ತು. 1969ರ ಸುಧಾರಣೆಯ ನಂತರ ಆ ಪೂಜೆಯಲ್ಲಿ ಪುನರುತ್ಥಾನದ ಭರವಸೆಯೇ ಎದ್ದು ಕಾಣುತ್ತದೆ. ತೀರ್ಪು ಇಲ್ಲವೆಂದಲ್ಲ, ತೀರ್ಪು ನೀಡುವವರು ನಮಗಾಗಿ ಪ್ರಾಣ ಕೊಟ್ಟವರೇ ಎಂಬುದು ನಮ್ಮ ಧೈರ್ಯ. ಆದಿಕ್ರೈಸ್ತರು ತಮ್ಮ ಅರಾಮಿಕ್ ಭಾಷೆಯಲ್ಲಿ ‘ಮಾರಾನಾಥ’ ಎಂದು ಪ್ರಾರ್ಥಿಸುತ್ತಿದ್ದರು. ಪ್ರಭುವೇ ಬನ್ನಿರಿ ಎಂಬುದು ಅದರ ಅರ್ಥ. ಮನೆಗೆ ಬರುವ ತಂದೆಯನ್ನು ಮಕ್ಕಳು ಕರೆಯುವ ಕರೆ ಅದು.

ಆದುದರಿಂದ ಪ್ರಿಯರೇ, ಹಬ್ಬದ ದಿನಕ್ಕೆ ಮುನ್ನ ಮೂರು ಕಾರ್ಯಗಳನ್ನು ಕೈಗೊಳ್ಳೋಣ. ಯೋಗ್ಯ ರೀತಿಯಲ್ಲಿ ಪಾಪನಿವೇದನೆ ಮಾಡೋಣ. ಮಾತು ಬಿಟ್ಟಿರುವ ಒಬ್ಬರ ಮನೆಯ ಹೊಸ್ತಿಲನ್ನು ತುಳಿಯೋಣ. ಹಬ್ಬದ ಊಟದಲ್ಲಿ ಒಂದು ಪಾಲನ್ನು, ಹಾಸಿಗೆ ಹಿಡಿದು ದೇವಾಲಯಕ್ಕೆ ಬರಲಾರದವರಿಗೆ ನಾವೇ ಕೊಂಡೊಯ್ಯೋಣ.

ದೀಕ್ಷಾಸ್ನಾನದ ದಿನ ಪಾಸ್ಕ ದೀಪದಿಂದ ಹಚ್ಚಿದ ಮೇಣದ ಬತ್ತಿಯನ್ನು ನಮ್ಮ ಹೆಸರಿನಲ್ಲಿ ತಂದೆತಾಯಿಗಳ ಕೈಗೆ ಕೊಡಲಾಯಿತು. ಪ್ರಭು ಬರುವಾಗ ಆ ಬೆಳಕಿನೊಡನೆ ನಾವು ಅವರನ್ನು ಎದುರುಗೊಳ್ಳಬೇಕೆಂಬುದೇ ಅದರ ಉದ್ದೇಶ. ಕೊನೆಯವರೆಗೂ ಎಚ್ಚರದಿಂದ ಶಿಲುಬೆಯ ಬುಡದಲ್ಲಿ ನಿಂತ ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ಬರಲಿರುವ ಪ್ರಭು ನಮ್ಮನ್ನೂ ನಮ್ಮ ಮಕ್ಕಳನ್ನೂ ಉರಿಯುವ ದೀಪಗಳೊಡನೆ ಕಾಣುವಂತಾಗಲಿ. ಆಮೆನ್.