ಹುಲ್ಲಿನ ಸೂರಿಗೆ ಕಟ್ಟಿದ ಬೆಲೆ

(ಕಾಮಸಮುದ್ರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಎದುರು ನೀಡಿದ ಉಪನ್ಯಾಸದ ಬರಹರೂಪ)



ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಜೀರ್ಣೋದ್ಧಾರಗೊಂಡ ಹಳೆಯ ಹುಲ್ಲಿನ ಮನೆಯೊಂದು ಮಾರಾಟಕ್ಕೆ ಬಂದಾಗ ಅದರ ಜಾಹೀರಾತು ಹೇಗಿರುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಮುನ್ನೂರು, ನಾನೂರು ವರ್ಷ ಹಳೆಯ ಮಣ್ಣಿನ ಗೋಡೆ, ಕೈಯಿಂದ ಕೆತ್ತಿದ ಓಕ್ ಮರದ ತೊಲೆ, ತಲೆ ಬಗ್ಗಿಸಿ ಒಳಹೋಗಬೇಕಾದ ಬಾಗಿಲು, ಹೊಸದಾಗಿ ಹೊದಿಸಿದ ಹುಲ್ಲಿನ ಸೂರು: ಇವೆಲ್ಲವೂ ಅಲ್ಲಿ ಹೆಮ್ಮೆಯ ವಿವರಗಳು. ಬೆಲೆ ಐದು ಲಕ್ಷ ಪೌಂಡ್ ಎಂದರೆ ಅಲ್ಲಿ ಯಾರೂ ಬೆಚ್ಚಿಬೀಳುವುದಿಲ್ಲ. ರೂಪಾಯಿಯ ಲೆಕ್ಕದಲ್ಲಿ ಅದು ಐದು ಕೋಟಿಯನ್ನು ಮೀರುತ್ತದೆ. ಅದೇ ಮಣ್ಣು, ಅದೇ ಹುಲ್ಲಿನಿಂದ ಕಾಮಸಮುದ್ರದ ಬದಿಯಲ್ಲಿ ಕಟ್ಟಿದ ಮನೆಗೆ 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯ ಹಾಳೆಯಲ್ಲಿ ದೊರೆತ ಹೆಸರು ‘ಕಚ್ಚಾ’. ಒಂದೇ ಹುಲ್ಲು ಒಂದು ನಾಡಿನಲ್ಲಿ ಪರಂಪರೆ, ಇನ್ನೊಂದು ನಾಡಿನಲ್ಲಿ ಅಳಿಸಬೇಕಾದ ಗುರುತು.

ಇಂಗ್ಲೆಂಡಿನವರು ಹುಲ್ಲನ್ನು ಎಂದೆಂದಿಗೂ ಗೌರವಿಸಿದವರೆಂದು ಭಾವಿಸಿದರೆ ತಪ್ಪಾದೀತು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದು ವೇಲ್ಸ್ ಪ್ರಾಂತದ ಕಲ್ಲುಹಲಗೆಗಳು ಅಗ್ಗವಾಗಿ ಊರೂರು ತಲುಪಿದಾಗ, ಹುಲ್ಲಿನ ಸೂರು ಬಡ ಕೃಷಿಕೂಲಿಯ ಮನೆಯ ಗುರುತಾಗಿ ಉಳಿಯಿತು. 1930ರ ದಶಕದಲ್ಲಿ ಇಂತಹ ಎಷ್ಟೋ ಮನೆಗಳನ್ನು ವಾಸಕ್ಕೆ ಅಯೋಗ್ಯವೆಂದು ಕಾನೂನಿನ ಪ್ರಕಾರವೇ ಕೆಡವಲಾಯಿತು. ಅದನ್ನು ಎದುರಿಸಿ ನಿಂತವರೂ ಇದ್ದರು. ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್ ಹಳೆಯ ಕುಟೀರಗಳ ರಕ್ಷಣೆಗೆ ನಿಧಿ ಕೂಡಿಸಿ, 1929ರಲ್ಲಿ ವೆಸ್ಟ್ ವಿಕೂಂ ಎಂಬ ಹಳ್ಳಿಯನ್ನೇ ಕೊಂಡಿತು. 1947ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯ ಬಳಿಕ ಐತಿಹಾಸಿಕ ಕಟ್ಟಡಗಳ ಪಟ್ಟಿ ವ್ಯಾಪಕವಾಗಿ ಬೆಳೆಯಿತು. ಇಂದು ಆ ಪಟ್ಟಿಯಲ್ಲಿ ಮೂರೂಮುಕ್ಕಾಲು ಲಕ್ಷಕ್ಕಿಂತ ಹೆಚ್ಚು ನಮೂದುಗಳಿವೆ. ಅರಮನೆ, ಚರ್ಚುಗಳ ಜೊತೆಗೆ ಕೂಲಿಯವನ ಮನೆಯೂ ಅಲ್ಲಿದೆ. ಪಟ್ಟಿಯಲ್ಲಿರುವ ಮನೆಯ ಸ್ವರೂಪವನ್ನು ಅನುಮತಿಯಿಲ್ಲದೆ ಬದಲಿಸುವುದು ಅಪರಾಧ. ಮಾಲೀಕನೇ ಬದಲಿಸಿದರೂ ಅಪರಾಧ.

ಕಾನೂನು ಮಾತ್ರ ಸೂರನ್ನು ಉಳಿಸಲಾರದು. ಹೊದಿಸುವ ಕೈ ಬೇಕು, ಹೊದಿಸಲು ಹುಲ್ಲು ಬೇಕು. 1921ರಲ್ಲಿ ಆರಂಭವಾದ ಗ್ರಾಮೀಣ ಕೈಗಾರಿಕೆಗಳ ಸಂಸ್ಥೆಯೊಂದು ಇಂತಹ ಹಳ್ಳಿಯ ಕಸುಬುಗಳಿಗೆ ಆಸರೆಯಾಗಿ, 1961ರಲ್ಲಿ ಹುಲ್ಲು ಹೊದಿಸುವವರ ಕಸುಬನ್ನು ಹಂತಹಂತವಾಗಿ ವಿವರಿಸುವ ಪುಸ್ತಕವನ್ನು ಹೊರತಂದಿತು. ಆ ಕಸುಬಿನ ಲೆಕ್ಕ ಸರಳವಾದರೂ ಕಟ್ಟುನಿಟ್ಟು. ಇಳಿಜಾರು ಕಡಿದಾಗಿರಬೇಕು, ಸುಮಾರು 45ರಿಂದ 50 ಡಿಗ್ರಿ. ಹುಲ್ಲಿನ ದಪ್ಪ ಒಂದಡಿಯಷ್ಟು. ಹೀಗಿದ್ದರೆ ಮಳೆಯ ನೀರು ಮೇಲಿನ ಪದರವನ್ನಷ್ಟೇ ನೆನೆಸಿ ಜಾರಿಹೋಗುತ್ತದೆ, ಒಳಗಿನದು ಒಣಗಿಯೇ ಇರುತ್ತದೆ. ಜೌಗಿನ ಜೊಂಡಿನಿಂದ ಹೊದಿಸಿದ ಸೂರು ನಲವತ್ತು ವರ್ಷವೂ ಬಾಳಬಹುದು. ಉದ್ದ ಗೋಧಿಹುಲ್ಲಿನದು ಅದಕ್ಕಿಂತ ಬೇಗ ಸವೆಯುತ್ತದೆ. ಮೇಲಿನ ದಿಂಡನ್ನು ಮಾತ್ರ ಹತ್ತು ಹದಿನೈದು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಬೇಕು.

ಪೂರ್ವ ಇಂಗ್ಲೆಂಡಿನ ನಾರ್ಫೋಕ್‌ನ ಜೌಗುಗಳಲ್ಲಿ ಚಳಿಗಾಲದಲ್ಲಿ ಜೊಂಡು ಕೊಯ್ಯುತ್ತಾರೆ. ಕೊಯ್ಲು ನಿಂತ ಕಡೆ ಜೌಗು ನಿಧಾನವಾಗಿ ಪೊದೆಗಾಡಾಗಿ, ಅಲ್ಲಿನ ಹಕ್ಕಿಗಳು ನೆಲೆ ಕಳೆದುಕೊಳ್ಳುತ್ತವೆ. ಹುಲ್ಲನ್ನು ಬಿಗಿಯುವ ಕಡ್ಡಿಗಳಿಗಾಗಿ ಹೇಝಲ್ ಗಿಡವನ್ನು ಬುಡದವರೆಗೆ ಕಡಿದು ಮತ್ತೆ ಚಿಗುರಲು ಬಿಡುತ್ತಾರೆ. ಸೂರಿನ ಬೇಡಿಕೆಯೇ ಜೌಗನ್ನೂ ಕುರುಚಲು ಕಾಡನ್ನೂ ಕಾಯುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಆದರೆ ಅಲ್ಲಿಯೂ ಕೊರತೆಯಿದೆ. ಕಟಾವು ಯಂತ್ರ ಗೋಧಿಹುಲ್ಲನ್ನು ಪುಡಿಮಾಡುತ್ತದೆ, ಹೊಸ ತಳಿಗಳ ಕಾಂಡ ಗಿಡ್ಡ. ಸೂರಿಗಾಗಿಯೇ ಕೆಲವು ರೈತರು ಉದ್ದ ಕಾಂಡದ ಹಳೆಯ ತಳಿಗಳನ್ನು ಬೆಳೆಯುತ್ತಾರೆ. ಜೊಂಡಿನ ಬಹುಭಾಗ ಟರ್ಕಿ, ಪೂರ್ವ ಯೂರೋಪು, ಚೀನಾಗಳಿಂದ ಹಡಗಿನಲ್ಲಿ ಬರುತ್ತದೆ. ಪರಂಪರೆಯ ಸೂರಿಗೆ ಪರದೇಶದ ಹುಲ್ಲು!

ಈ ಕಥೆಗೂ ಕಾಮಸಮುದ್ರಕ್ಕೂ ನಂಟಿದೆ. ಆ ನಂಟು ನೆರೆಯ ಕೋಲಾರ ಚಿನ್ನದ ಗಣಿಯದು. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಯ ಕೆಲಸಕ್ಕಿಳಿದ ಬಳಿಕ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಕಸುಬಿನವರು ಇಲ್ಲಿಗೆ ಬಂದರು. ಕಾರ್ನ್‌ವಾಲ್ ಮತ್ತು ಅದರ ನೆರೆಯ ಡೆವನ್‌ನಲ್ಲಿ ಮಣ್ಣಿಗೆ ಹುಲ್ಲು ಬೆರೆಸಿ, ತುಳಿದು ಹದಮಾಡಿ ಗೋಡೆ ಏರಿಸುವುದು ಹಳೆಯ ರೂಢಿ. ಇಲ್ಲಿಯ ಮಣ್ಣಿನ ಗೋಡೆ ಕಟ್ಟುವವರು ಅದನ್ನು ಕಂಡಿದ್ದರೆ ಬಂಧುಗಳನ್ನು ಕಂಡಂತೆ ಗುರುತಿಸುತ್ತಿದ್ದರು. ಒಳ್ಳೆಯ ಟೊಪ್ಪಿಗೆ, ಒಳ್ಳೆಯ ಪಾದರಕ್ಷೆ ಇದ್ದರೆ ಮಣ್ಣಿನ ಗೋಡೆ ಚಿರಂಜೀವಿ ಎಂಬುದು ಡೆವನ್ ಜನರ ಮಾತು. ಸೂರು ಟೊಪ್ಪಿಗೆ, ಕಲ್ಲಿನ ತಳಪಾಯ ಪಾದರಕ್ಷೆ. ಅಂತಹ ಗೋಡೆಗೆ ಸುಣ್ಣ ಬಳಿಯಬೇಕೇ ಹೊರತು ಸಿಮೆಂಟು ಮೆತ್ತಬಾರದು. ಸಿಮೆಂಟು ತೇವವನ್ನು ಒಳಗೇ ಹಿಡಿದಿಟ್ಟು ಗೋಡೆಯನ್ನು ಕರಗಿಸುತ್ತದೆ. ಅಲ್ಲಿಯ ಜೀರ್ಣೋದ್ಧಾರದ ಮೊದಲ ಕೆಲಸ ಹಲವೊಮ್ಮೆ ಹಿಂದಿನವರು ಮೆತ್ತಿದ ಸಿಮೆಂಟನ್ನು ಕೀಳುವುದೇ ಆಗಿರುತ್ತದೆ.

ಗಣಿಯೂರಿನಲ್ಲಿ ಅಧಿಕಾರಿಗಳಿಗೆ ಬಂಗಲೆ, ಹೂದೋಟ, ಕ್ಲಬ್ಬು ದೊರೆತವು. ಊರಿಗೆ ‘ಪುಟ್ಟ ಇಂಗ್ಲೆಂಡ್’ ಎಂಬ ಅಡ್ಡಹೆಸರೂ ಬಂತು. ಭೂಗರ್ಭಕ್ಕಿಳಿದ ಕಾರ್ಮಿಕರಿಗೆ ದೊರೆತದ್ದು ಬಿದಿರುತಟ್ಟಿಯ ಇಕ್ಕಟ್ಟಾದ ಗುಡಿಸಲು. ಎಷ್ಟು ಇಂಗ್ಲೆಂಡ್, ಯಾರಿಗೆ ಇಂಗ್ಲೆಂಡ್ ಎಂಬ ಪ್ರಶ್ನೆ ಅಂದೇ ಏಳಬೇಕಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಹರಿದು ಬಂದಾಗಲೂ ತಟ್ಟಿಯ ಗುಡಿಸಲು ಮರೆಯಾಗಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆ ಬಳಿಕ ಬಂಗಲೆಗಳಲ್ಲಿ ಹಲವು ಪಾಳುಬಿದ್ದವು. ಹುಲ್ಲುಮನೆಯನ್ನು ಮರೆತ ನಾಡು ಹೆಂಚಿನ ಬಂಗಲೆಯನ್ನೂ ನೆನಪಿಟ್ಟುಕೊಳ್ಳಲಿಲ್ಲ.

ಇನ್ನು ಇಲ್ಲಿಯ ಗುಡ್ಡಗಳ ಮಾತು. ಬಾದೆಹುಲ್ಲು ಗುಡ್ಡದ ಇಳಿಜಾರಿನಲ್ಲಿ, ಗೋಮಾಳದ ಅಂಚಿನಲ್ಲಿ ತಾನಾಗಿ ಬೆಳೆಯುವಂಥದ್ದು. ಸುಗ್ಗಿ ಮುಗಿದ ಮೇಲೆ ಕೊಯ್ದು, ಒಣಗಿಸಿ, ಹೊರೆ ಕಟ್ಟಿ ತಂದು, ಮುಂಗಾರಿಗೆ ಮುನ್ನ ಹೊದಿಸುವುದು ವಾಡಿಕೆ. ಹುಲ್ಲು ತೆಳುವಾದ್ದರಿಂದ ಕೆಲವೇ ವರ್ಷಕ್ಕೆ ಬದಲಿಸಬೇಕು. ಒಬ್ಬರ ಮನೆಗೆ ಹೊದಿಸಲು ನಾಲ್ಕು ಮನೆಯವರು ಕೂಡುತ್ತಾರೆ, ಕೂಲಿಯ ಬದಲು ಮುಯ್ಯಿ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಕೋಲಾರ ಜಿಲ್ಲೆಯ ಹೊಲ, ಬಯಲುಗಳಲ್ಲಿ ನೀಲಗಿರಿ ಹಬ್ಬಿತು. ದಟ್ಟ ನೀಲಗಿರಿಯ ಅಡಿಯಲ್ಲಿ ಹುಲ್ಲು ಏಳುವುದಿಲ್ಲ. ನೀಲಗಿರಿಯನ್ನು ಹೊಸದಾಗಿ ಬೆಳೆಸುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಅಷ್ಟರೊಳಗೆ ಒಂದು ತಲೆಮಾರಿಗೆ ಹುಲ್ಲಿನ ಪರಿಚಯವೇ ತಪ್ಪಿತ್ತು. ‘ಗುಡಿಸಲು ಮುಕ್ತ’ ಎಂಬ ಘೋಷಣೆಯೂ ಜೊತೆಗೂಡಿತು.

ಇದನ್ನು ಕೇಳಿ ಹಿರಿಯರಲ್ಲಿ ಕೆಲವರಿಗೆ ಸಿಟ್ಟು ಬಂದರೆ ಅದು ನ್ಯಾಯವೇ. ಸೋರುವ ಸೂರಿನಡಿ ಹಸುಗೂಸನ್ನು ಎತ್ತಿಕೊಂಡು ರಾತ್ರಿ ಕಳೆದವರಿಗೆ, ಬೆಂಕಿಗೆ ಮನೆ ಕಳೆದುಕೊಂಡವರಿಗೆ ಹುಲ್ಲಿನ ಸೊಬಗನ್ನು ವರ್ಣಿಸುವುದು ಅವಮಾನ. ಪಕ್ಕಾ ಮನೆ ಅವರ ಹಕ್ಕು. ಇಲ್ಲಿ ಹೇಳುತ್ತಿರುವುದು ಗುಡಿಸಲಿಗೆ ಮರಳಿರೆಂದಲ್ಲ. ಹುಲ್ಲನ್ನು ತೆಗೆದು ಏನನ್ನು ಇಟ್ಟೆವೆಂದು ನೋಡಬೇಕು. ಬೇಸಿಗೆಯ ಮಧ್ಯಾಹ್ನ ತಗಡಿನ ಸೂರಿನಡಿ ಕೂರಲಾಗದೆ ಜನ ಮರದ ನೆರಳಿಗೆ ಬರುತ್ತಾರೆ. ಅಸ್ಬೆಸ್ಟಾಸ್ ಬಳಕೆಯನ್ನು ಬ್ರಿಟನ್ 1999ರಲ್ಲೇ ನಿಷೇಧಿಸಿತು. ಭಾರತದಲ್ಲಿ ಅದರ ಸಿಮೆಂಟ್ ಶೀಟು ಇಂದಿಗೂ ಬಡವರ ಮನೆಯ ಮೇಲಿದೆ. ‘ಪಕ್ಕಾ’ ಎಂಬ ಪದ ಗೋಡೆ, ಸೂರಿನ ವಸ್ತುವನ್ನು ಅಳೆಯುತ್ತದೆ. ಒಳಗಿರುವವರ ಬೆವರನ್ನು ಅಳೆಯುವುದಿಲ್ಲ.

ಇಂಗ್ಲೆಂಡಿನ ಆ ಮನೆಯಲ್ಲೂ ಒಂದು ನೋವಿದೆ. ಕೂಲಿಯವನು ಕಟ್ಟಿದ ಮನೆಯನ್ನು ಇಂದು ಕೂಲಿಯವನ ಮೊಮ್ಮಕ್ಕಳು ಕೊಳ್ಳಲಾರರು. ಕಾರ್ನ್‌ವಾಲ್‌ನ ಊರೂರುಗಳಲ್ಲಿ ಪಟ್ಟಣದ ಸಿರಿವಂತರು ರಜೆಯ ಮನೆ ಮಾಡಿಕೊಂಡಿದ್ದಾರೆ. ಚಳಿಗಾಲದಲ್ಲಿ ಬೀದಿಗಳು ಬಿಕೋ ಎನ್ನುತ್ತವೆ. ಸೇಂಟ್ ಐವ್ಸ್ ಪಟ್ಟಣದ ಜನ 2016ರಲ್ಲಿ ಮತ ಹಾಕಿ, ಹೊಸದಾಗಿ ಕಟ್ಟುವ ಮನೆಗಳಲ್ಲಿ ವರ್ಷಪೂರ್ತಿ ವಾಸಿಸುವವರೇ ಇರಬೇಕೆಂದು ವಿಧಿಸಿದರು. ಸೂರು ಉಳಿದು ಊರಿನವರು ಹೊರಬಿದ್ದ ಉದಾಹರಣೆ ಇದು. ಬೆಂಗಳೂರಿನಿಂದ ಗುಡ್ಡದ ಮಗ್ಗುಲಿಗೆ ತೋಟದ ಮನೆ, ರೆಸಾರ್ಟುಗಳನ್ನು ಹುಡುಕಿಕೊಂಡು ಬರುವವರು ಅಲಂಕಾರಕ್ಕೆಂದು ಹುಲ್ಲು ಹೊದಿಸಿದಾಗ ಈ ಮಾತು ನೆನಪಿಗೆ ಬರಬೇಕು.

ಈ ಬೇಸಿಗೆಯ ರಜೆಯಲ್ಲಿ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕೆಲಸವೊಂದಿದೆ. ಸೂರು ಹೊದಿಸಿದ ಹಿರಿಯರು ಇನ್ನೂ ಕೆಲವರು ಊರೂರುಗಳಲ್ಲಿದ್ದಾರೆ. ಯಾವ ಗುಡ್ಡದ ಹುಲ್ಲು, ಯಾವ ತಿಂಗಳ ಕೊಯ್ಲು, ಹೊರೆಗೆ ಎಷ್ಟು ಕಟ್ಟು, ಯಾವ ನಾರು, ಎಂತಹ ಗಂಟು ಎಂಬುದನ್ನು ಅವರ ಬಾಯಿಂದಲೇ ಬರೆದುಕೊಳ್ಳಬೇಕು. ಕನ್ನಡ, ತೆಲುಗು, ತಮಿಳು ಮೂರೂ ಕೂಡಿದ ಈ ಸೀಮೆಯಲ್ಲಿ ಒಂದೇ ಹುಲ್ಲಿಗೆ ಮೂರು ಹೆಸರಿರಬಹುದು, ಮೂರನ್ನೂ ಬರೆದುಕೊಳ್ಳಬೇಕು. ಗಂಟನ್ನು ಬರೆಯಲು ಬಾರದು. ಅದನ್ನು ಅವರ ಪಕ್ಕದಲ್ಲಿ ಕುಳಿತು ಕೈಯಿಂದಲೇ ಕಲಿಯಬೇಕು.