ಬಡವರ ಹಲ್ಲುನೋವು

(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಕಾಲದಲ್ಲಿ ಸಾಹಿತ್ಯ, ಸಂಗೀತ, ಇತಿಹಾಸಗಳನ್ನು ಕುರಿತು ಮಾತನಾಡುವುದು ವಾಡಿಕೆ. ಆ ವಿಷಯಗಳನ್ನು ಬಲ್ಲವರು ಈ ಸಭೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ಬರೆಯುವ ನಾನು ಆರಿಸಿಕೊಂಡಿರುವುದು ಹಲ್ಲುನೋವಿನ ವಿಷಯ. ತಾವು ನಗಬಹುದು. ಆದರೆ ನೋವು ಬಂದ ರಾತ್ರಿ ಯಾರೂ ನಗುವುದಿಲ್ಲ.

'ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ' ಎಂಬ ಗಾದೆ ನಮ್ಮಲ್ಲಿದೆ. ಈ ಊರಿನಲ್ಲಿ ಕಟ್ಟಡದ ಕೆಲಸ, ಕಾವಲು ಕೆಲಸ, ಮನೆಗೆಲಸ ಮಾಡಿಕೊಂಡಿರುವ ನಮ್ಮವರಿಗೆ ಕಡಲೆಯೂ ಕಡಮೆ, ಹಲ್ಲೂ ಬೇಗ ಹೋಗುತ್ತದೆ. ಅವರಲ್ಲಿ ಅನೇಕರು ಬೀದರ, ಕಲಬುರಗಿ, ಯಾದಗಿರಿ, ರಾಯಚೂರುಗಳ ಕಡೆಯವರು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಗುವವರೆಗೆ ಆ ಸೀಮೆಗೆ ಹೈದರಾಬಾದೇ ರಾಜಧಾನಿಯಾಗಿತ್ತು. ಗಡಿ ಬದಲಾಯಿತು, ಹೊಟ್ಟೆಪಾಡಿನ ದಾರಿ ಬದಲಾಗಲಿಲ್ಲ.

ಒಡವೆಯ ಮೇಲೆ ಸಾಲ ಕೇಳಲು ಬ್ಯಾಂಕಿಗೆ ಬರುವವರು ಮದುವೆ, ಬಿತ್ತನೆ, ಮಕ್ಕಳ ಫೀಸು ಎಂದು ಕಾರಣ ಹೇಳುವುದುಂಟು. ಒಮ್ಮೆ ಬೀದರದ ಕಡೆಯ ಒಬ್ಬ ತಾಯಿ ಕಿವಿಯೋಲೆಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಗಂಡ ಕಾವಲುಗಾರ. ದವಡೆ ಊದಿ ನಾಲ್ಕು ದಿನಗಳಿಂದ ಕೆಲಸಕ್ಕೆ ಹೋಗಿಲ್ಲ. ಮನೆಯ ಹತ್ತಿರದ ಯಾವುದೋ ದವಾಖಾನೆಯಲ್ಲಿ ಹೇಳಿದ ಮೊತ್ತ ಆತನ ಒಂದು ತಿಂಗಳ ಸಂಬಳಕ್ಕೆ ಸಮೀಪವಾಗಿತ್ತು. "ಒಂದು ಹಲ್ಲಿನ ಸಲುವಾಗಿ ಬಂಗಾರ ಒತ್ತಿ ಇಡೋ ಕಾಲ ಬಂತು ನೋಡ್ರಿ ಅಣ್ಣಾರ" ಎಂದರು ಆಕೆ. ಸರಕಾರದ ದಂತ ಆಸ್ಪತ್ರೆಯೊಂದು ಇದೇ ಊರಿನಲ್ಲಿದೆ ಎಂದು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಹಲ್ಲಿನ ಹುಳುಕು ಚಕ್ರಬಡ್ಡಿಯ ಸಾಲದಂತೆ. ಹಲ್ಲಿನ ಹೊರಗಿನ ಬಿಳಿಯ ಪದರಕ್ಕೆ ನೋವಿನ ಅರಿವಿಲ್ಲ. ಆದುದರಿಂದ ಹುಳುಕು ಆರಂಭವಾದಾಗ ನಮಗೆ ತಿಳಿಯುವುದೇ ಇಲ್ಲ. ಆಗಲೇ ತೋರಿಸಿದರೆ ಕೊರೆದು ಸಿಮೆಂಟು ತುಂಬಿಸಿ ಸಾಮಾನ್ಯವಾಗಿ ಒಂದೇ ಸಲಕ್ಕೆ ಮುಗಿಸುತ್ತಾರೆ. ಒಳಪದರಕ್ಕೆ ಇಳಿದಾಗ ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ. ಇದು ಎರಡನೆಯ ನೋಟೀಸು. ನರಕ್ಕೆ ತಗುಲಿದ ಮೇಲೆ ರೂಟ್ ಕೆನಾಲ್ ಆಗಬೇಕು, ಮೇಲೊಂದು ಕ್ಯಾಪು ಹಾಕಿಸಬೇಕು. ಅದೂ ಆಗದಿದ್ದರೆ ಕೀಳಿಸಬೇಕು. ಕಿತ್ತ ಜಾಗವನ್ನು ಖಾಲಿ ಬಿಟ್ಟರೆ ಅಕ್ಕಪಕ್ಕದ ಹಲ್ಲುಗಳು ವಾಲುತ್ತವೆ. ಹಲ್ಲು ಕಟ್ಟಿಸುವ ಖರ್ಚು ಬೇರೆ. ಮೊದಲ ಕಂತು ಕಟ್ಟದವನು ಕೊನೆಗೆ ಅಸಲಿನ ಹಲವು ಪಟ್ಟು ತೆರುತ್ತಾನೆ.

ನಡುವೆ ನಾವು ಮಾಡುವುದೇನು? ಲವಂಗದೆಣ್ಣೆ ಹಚ್ಚುತ್ತೇವೆ, ಔಷಧದ ಅಂಗಡಿಯಿಂದ ಗುಳಿಗೆ ತರುತ್ತೇವೆ. ಗುಳಿಗೆ ನೋವನ್ನು ನಿಲ್ಲಿಸೀತು, ಹುಳುಕನ್ನು ನಿಲ್ಲಿಸದು. ಕೆಲವು ದಿನ ಕಾಡಿದ ನೋವು ತಾನೇ ಮಾಯವಾದರೆ ವಾಸಿಯಾಯಿತೆಂದು ಸಂತೋಷಪಡುತ್ತೇವೆ. ಒಳಗಿನ ನರ ಸತ್ತಾಗಲೂ ನೋವು ನಿಲ್ಲುತ್ತದೆ. ಕೀವು ಮಾತ್ರ ಬೇರಿನ ಬುಡದಲ್ಲಿ ಬೆಳೆಯುತ್ತಲೇ ಇರುತ್ತದೆ. ಮುಖ ಊದಿ, ಜ್ವರ ಬಂದು, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಬೆಳಗಾಗಲೆಂದು ಕಾಯಬಾರದು. ಆ ಗಳಿಗೆಯಲ್ಲೇ ಉಸ್ಮಾನಿಯಾದಂತಹ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹಲ್ಲಿನ ಕೀವಿನಿಂದ ಪ್ರಾಣಕ್ಕೆ ಅಪಾಯವಾಗುವುದೂ ಉಂಟು.

ಇನ್ನು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ. ಮೊದಲನೆಯದು ಅಫ್ಜಲ್‌ಗಂಜ್‌ನಲ್ಲಿ, ಉಸ್ಮಾನಿಯಾ ಆಸ್ಪತ್ರೆಯ ನೆರೆಯಲ್ಲಿರುವ ಸರಕಾರಿ ದಂತ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ. ಇದು 1959ರಲ್ಲಿ ಆರಂಭವಾಯಿತು. ನಮ್ಮ ಜಿಲ್ಲೆಗಳ ಬಸ್ಸುಗಳು ಬಂದು ನಿಲ್ಲುವ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ. ಎಷ್ಟೋ ಜನ ಈ ಊರಿಗೆ ಬಂದ ಮೊದಲ ದಿನವೇ ಅದರ ಸಮೀಪದಲ್ಲಿ ಹಾದುಹೋಗಿರುತ್ತಾರೆ.

ಎರಡನೆಯದು ಖಾಸಗಿ ದಂತ ಕಾಲೇಜುಗಳ ಆಸ್ಪತ್ರೆಗಳು. ದಿಲ್‌ಸುಖ್‌ನಗರದಲ್ಲಿ ಒಂದಿದೆ, ಸೂರಾರಂ ಕಡೆ ಒಂದಿದೆ. ಅಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರಿನಲ್ಲಿ ಚಿಕಿತ್ಸೆ ಮಾಡುತ್ತಾರೆ. 'ಹುಡುಗರು ನಮ್ಮ ಬಾಯಲ್ಲಿ ಪಾಠ ಕಲಿಯುತ್ತಾರೆ' ಎಂದು ಹೆದರುವವರಿದ್ದಾರೆ. ಅವರ ಕೆಲಸವನ್ನು ಅಧ್ಯಾಪಕರು ಹಂತಹಂತಕ್ಕೂ ನೋಡುತ್ತಾರೆಂಬುದನ್ನು ಮರೆಯಬಾರದು. ರೋಗಿಗಳಿಲ್ಲದೆ ವಿದ್ಯಾರ್ಥಿಗಳ ಕಲಿಕೆ ಪೂರ್ಣವಾಗದು. ಆದ್ದರಿಂದಲೇ ಅಲ್ಲಿ ಶುಲ್ಕ ಹೊರಗಿನ ದವಾಖಾನೆಗಳಿಗಿಂತ ಸಾಮಾನ್ಯವಾಗಿ ಕಡಮೆ. ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ.

ಮೂರನೆಯದು ಇ.ಎಸ್.ಐ. ಕಾರ್ಖಾನೆ, ಅಂಗಡಿ, ಕಾವಲು ಕಂಪನಿಗಳಲ್ಲಿ ದುಡಿಯುವ ಅನೇಕರ ಸಂಬಳದಿಂದ ಇದಕ್ಕಾಗಿ ವಂತಿಗೆ ಕಳೆಯುತ್ತಾರೆ. 2019ರ ಜುಲೈಯಿಂದ ಅದನ್ನು ಕೆಲಸಗಾರನಿಗೆ ಸಂಬಳದ ನೂರಕ್ಕೆ 0.75, ಮಾಲೀಕನಿಗೆ 3.25 ಎಂದು ಇಳಿಸಲಾಯಿತು. ಹಣ ಕಟ್ಟುತ್ತಿದ್ದರೂ ತಮ್ಮ ಹೆಂಡತಿ ಮಕ್ಕಳಿಗೂ ಅದರಲ್ಲಿ ಚಿಕಿತ್ಸೆಯುಂಟು, ಹಲ್ಲಿನ ಚಿಕಿತ್ಸೆಯೂ ಸೇರಿದೆ ಎಂಬುದನ್ನು ಅರಿಯದವರು ಬಹಳ. ಸಂಬಳದ ಚೀಟಿಯನ್ನೊಮ್ಮೆ ಓದಿಸಿಕೊಳ್ಳಿ.

ಮುಪ್ಪಿನವರಿಗೆ ಇನ್ನೊಂದು ಮಾತು. ಕರ್ನಾಟಕ ಸರಕಾರ 2014ರಲ್ಲಿ 'ದಂತ ಭಾಗ್ಯ' ಎಂಬ ಯೋಜನೆಯನ್ನು ಆರಂಭಿಸಿ, ಬಿ.ಪಿ.ಎಲ್. ಕಾರ್ಡುಳ್ಳ ವೃದ್ಧರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕಟ್ಟಿಸಿಕೊಡುವ ಏರ್ಪಾಡು ಮಾಡಿತು. ಕಾರ್ಡು ಇನ್ನೂ ಊರಿನಲ್ಲೇ ಇದ್ದರೆ, ಹಬ್ಬಕ್ಕೆ ಹೋದಾಗ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ ಬನ್ನಿ. ಹಲ್ಲಿಲ್ಲದ ಅಜ್ಜಿ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗುವುದನ್ನು ನಾವು ಸಹಜವೆಂದು ಭಾವಿಸಿದ್ದೇವೆ, ಅದು ಸಹಜವಾಗಬೇಕಿಲ್ಲ.

ತಂಬಾಕು, ಗುಟ್ಕಾಗಳ ಚಟವಿದ್ದವರ ಬಾಯಲ್ಲಿ ಬಿಳಿಯ ಮಚ್ಚೆ ಕಾಣಿಸಿದರೆ, ಎರಡು ವಾರ ಕಳೆದರೂ ಹುಣ್ಣು ಮಾಯದಿದ್ದರೆ, ಬಾಯಿ ಮೊದಲಿನಷ್ಟು ತೆರೆಯದಿದ್ದರೆ, ಅದನ್ನು ಹಲ್ಲಿನ ತೊಂದರೆಯೆಂದು ತಳ್ಳಿಹಾಕಬಾರದು. ದಂತ ಆಸ್ಪತ್ರೆಯಲ್ಲಿ ಕೂಡಲೇ ತೋರಿಸಬೇಕು. ಅರ್ಬುದದ ಶಂಕೆ ಬಂದರೆ ರೆಡ್ ಹಿಲ್ಸ್‌ನಲ್ಲಿ ಸರಕಾರದ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಯಿದೆ.

ಇಷ್ಟೆಲ್ಲ ಇದ್ದೂ ನಮ್ಮವರು ಏಕೆ ಹೋಗುವುದಿಲ್ಲ? ನಾನು ಕೇಳಿದವರೆಲ್ಲ ಕೊಟ್ಟ ಉತ್ತರ ಒಂದೇ: ಹೋದರೆ ದಿನಗೂಲಿ ಹೋಗುತ್ತದೆ. ಎಲ್ಲಿ ಚೀಟಿ ಮಾಡಿಸಬೇಕು, ಯಾವ ಕೋಣೆಗೆ ಹೋಗಬೇಕು ಎಂದು ತಿಳಿಯದೆ ಅರ್ಧ ದಿನ ಕಳೆಯುತ್ತದೆ. ಸಕ್ಕರೆ ಅಥವಾ ರಕ್ತದೊತ್ತಡ ಹೆಚ್ಚಾಗಿದೆಯೆಂದು ಹಲ್ಲು ಕೀಳದೆ ಹಿಂದಕ್ಕೆ ಕಳುಹಿಸಿದರೆ ಇನ್ನೊಂದು ದಿನದ ಕೂಲಿಗೂ ಸಂಚಕಾರ. ಬಡವನಿಗೆ ಉಚಿತ ಚಿಕಿತ್ಸೆಯ ಬೆಲೆ ಇದು; ಯಾವ ರಸೀದಿಯಲ್ಲಿಯೂ ಇದು ಬರುವುದಿಲ್ಲ.

ಈ ಬೆಲೆಯನ್ನು ಇಳಿಸುವುದು ಸಂಘದ ಕೈಯಲ್ಲಿದೆ. ಅದಕ್ಕಾಗಿ ಮೂರು ಸಲಹೆಗಳನ್ನು ಸಭೆಯ ಮುಂದಿಡುತ್ತೇನೆ. ಒಂದು, ಆಸ್ಪತ್ರೆಯ ದಾರಿ ಬಲ್ಲ ಸದಸ್ಯರೊಬ್ಬರು ವಾರಕ್ಕೊಂದು ಬೆಳಿಗ್ಗೆ ನಾಲ್ಕೈದು ಜನರನ್ನು ಜೊತೆಯಲ್ಲಿ ಕರೆದೊಯ್ಯಲಿ. ನಿವೃತ್ತರಾದ ಹಿರಿಯರಿಗೆ ಇದು ಭಾರವಾಗದೆಂದು ನಂಬಿದ್ದೇನೆ. ಎರಡು, ಹೋಗುವ ಮುನ್ನ ಬಡಾವಣೆಯ ಬಸ್ತಿ ದವಾಖಾನೆಯಲ್ಲಿ ಸಕ್ಕರೆ, ರಕ್ತದೊತ್ತಡಗಳನ್ನು ನೋಡಿಸಿ ಚೀಟಿ ಇಟ್ಟುಕೊಳ್ಳುವಂತೆ ತಿಳಿಸೋಣ. 2018ರಿಂದ ಈ ಊರಿನ ಬಡ ಬಡಾವಣೆಗಳಲ್ಲಿ ಅಂಥ ದವಾಖಾನೆಗಳನ್ನು ತೆರೆದಿದ್ದಾರೆ. ಮೂರು, ಉತ್ಸವದ ಖರ್ಚಿನಲ್ಲಿ ನೂರಕ್ಕೆ ಐದನ್ನು ತೆಗೆದಿಟ್ಟು, ಕೂಲಿ ಕಳೆದುಕೊಂಡವರಿಗೆ ಆ ದಿನದ ಊಟ ಮತ್ತು ಬಸ್ಸಿನ ಖರ್ಚು ಕೊಡೋಣ. ಲೆಕ್ಕವನ್ನು ಪೈಸೆ ಬಿಡದೆ ಬರೆದಿಡುವ ಕೆಲಸ ನನ್ನದು.

ಭಾಷೆ ಬಾಯಲ್ಲಿರುವ ವಸ್ತು. ಕನ್ನಡ ಮಾತನಾಡುವ ಬಾಯಿ ನೋವಿನಿಂದ ಮುಚ್ಚಿಕೊಂಡಿರುವಾಗ ನಾವು ವೇದಿಕೆಯ ಮೇಲೆ ಬಾವುಟ ಏರಿಸಿದರೆ ಸಾಲದು. ಮುಂದಿನ ನವೆಂಬರಿಗೆ ಮೊದಲು ನೂರು ಜನರನ್ನಾದರೂ ಆಸ್ಪತ್ರೆಯ ಬಾಗಿಲಿಗೆ ಮುಟ್ಟಿಸುವ ಸಂಕಲ್ಪ ಮಾಡೋಣ. ಬರಲೊಪ್ಪುವ ಸದಸ್ಯರು ಇಂದೇ ಕಾರ್ಯದರ್ಶಿಗಳ ಬಳಿ ಹೆಸರು ಬರೆಯಿಸಬೇಕೆಂದು ಕೋರುತ್ತೇನೆ.